ಮುಂಗಡದ ಹಣ

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರು ಮೊದಲು ಕೇಳುವುದು ‘ಬಾಡಿಗೆ ಎಷ್ಟು?’ ಎಂದಾದರೆ, ಮರುಗಳಿಗೆಯಲ್ಲೇ ಕೇಳುವುದು ‘ಅಡ್ವಾನ್ಸ್ ಎಷ್ಟು?’ ಎಂದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ವಾಡಿಕೆ ಆ ನಗರದಲ್ಲಿ ಬಹುಕಾಲದಿಂದ ಕಂಡುಬಂದಿದೆ. ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಮನೆಗೆ ಈ ಲೆಕ್ಕದಲ್ಲಿ 1,50,000 ರೂಪಾಯಿ ಬೇಕು. ಸಾಮಾನ್ಯ ಸಂಸಾರವೊಂದಕ್ಕೆ ಅದು ಹಲವು ವರ್ಷಗಳ ಉಳಿತಾಯ.

ಈ ಹಣ ಮಾಲೀಕನ ಕೈ ಸೇರಿದ ಮಾತ್ರಕ್ಕೆ ಅವನ ಸ್ವಂತದ್ದಾಗುವುದಿಲ್ಲ. ಬಾಡಿಗೆ ಬಾಕಿ ಉಳಿದರೆ, ಮನೆಗೆ ಹಾನಿಯಾದರೆ ನೆರವಿಗಿರಲೆಂದು ಇಟ್ಟ ಭದ್ರತೆ ಅದು. ಬಾಡಿಗೆದಾರನು ಮನೆಯನ್ನು ತೆರವು ಮಾಡಿ ಬೀಗದ ಕೈ ಒಪ್ಪಿಸಿದಾಗ, ನ್ಯಾಯವಾಗಿ ಸಲ್ಲಬೇಕಾದ ಬಾಕಿಯನ್ನಷ್ಟೇ ಮುರಿದುಕೊಂಡು ಉಳಿದುದನ್ನು ಹಿಂದಿರುಗಿಸುವುದು ಮಾಲೀಕನ ಹೊಣೆ.

ವಿವಾದ ಹುಟ್ಟುವುದು ಈ ಮುರಿದುಕೊಳ್ಳುವಲ್ಲಿಯೇ. ‘ಸುಣ್ಣಬಣ್ಣದ ಖರ್ಚು’ ಎಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವುದು ಅನೇಕ ಮಾಲೀಕರ ರೂಢಿ. ಗೋಡೆಯನ್ನೊಮ್ಮೆ ಕಣ್ಣೆತ್ತಿ ನೋಡುವ ಗೋಜಿಗೂ ಕೆಲವರು ಹೋಗುವುದಿಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮವು 1882ರಷ್ಟು ಹಿಂದೆಯೇ ಈ ವಿಷಯದಲ್ಲಿ ಒಂದು ಗೆರೆಯನ್ನು ಎಳೆದಿದೆ. ಅದರ 108ನೆಯ ಪ್ರಕರಣದಂತೆ ಬಾಡಿಗೆದಾರನು ಮನೆಯನ್ನು ತಾನು ಪಡೆದಾಗಿನ ಸುಸ್ಥಿತಿಯಲ್ಲಿಯೇ ಮರಳಿಸಬೇಕು. ಆದರೆ ಯುಕ್ತವಾದ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಐದು ವರ್ಷ ವಾಸಿಸಿದ ಮನೆಯ ಬಣ್ಣ ಮಾಸುವುದು ಸವೆತ. ಮಕ್ಕಳ ಚೆಂಡಾಟದಲ್ಲಿ ಒಡೆದ ಕಿಟಕಿಯ ಗಾಜು ಹಾನಿ. ಆದರೆ ಈ ನಿಯಮ ಅನ್ವಯಿಸುವುದು ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಾಗ ಮಾತ್ರ. ಸುಣ್ಣಬಣ್ಣದ ಖರ್ಚು ತನ್ನದೆಂದು ಬರೆದ ಪತ್ರಕ್ಕೆ ಓದದೆಯೇ ಸಹಿ ಹಾಕಿದವನಿಗೆ ಆಮೇಲೆ ವಾದಿಸಲು ಹೆಚ್ಚು ಅವಕಾಶ ಉಳಿಯುವುದಿಲ್ಲ.

ಮುಂಗಡಕ್ಕೆ ಮಿತಿ ಹಾಕುವ ಪ್ರಯತ್ನಗಳೂ ನಡೆದಿವೆ. ನೆರೆಯ ತಮಿಳುನಾಡು 2017ರಲ್ಲಿ ಮಾಡಿದ ಶಾಸನವು ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದೆಂದಿತು. ಮನೆ ಬಿಟ್ಟ ಒಂದು ತಿಂಗಳೊಳಗೆ ಅದನ್ನು ಮರಳಿಸಬೇಕೆಂದೂ ವಿಧಿಸಿತು. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡೇ ತಿಂಗಳ ಮಿತಿಯನ್ನು ಸೂಚಿಸಿತು. ಹೆಸರೇ ಹೇಳುವಂತೆ ಅದೊಂದು ಮಾದರಿ. ರಾಜ್ಯವೊಂದು ತನ್ನದೇ ಶಾಸನವಾಗಿ ಅದನ್ನು ತಂದಾಗಲೇ ಅಲ್ಲಿ ಅದಕ್ಕೆ ಬಲ.

ಮಾತುಕತೆಯಿಂದ ಹಣ ಬಾರದಿದ್ದರೆ ಬಾಡಿಗೆದಾರನು ವಕೀಲರ ಮೂಲಕ ನೋಟೀಸು ಕೊಟ್ಟು, ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಅಲ್ಲಿ ಮೊದಲು ಕೇಳುವುದು ಪುರಾವೆಯನ್ನು: ಕರಾರುಪತ್ರ, ಮುಂಗಡ ಕೊಟ್ಟ ರಸೀದಿ ಅಥವಾ ಬ್ಯಾಂಕಿನ ದಾಖಲೆ, ಮನೆಗೆ ಬಂದ ದಿನವೂ ಬಿಟ್ಟ ದಿನವೂ ತೆಗೆದ ಗೋಡೆ, ಬಾಗಿಲು, ನಲ್ಲಿಗಳ ಛಾಯಾಚಿತ್ರ. ನಗದಾಗಿ ಕೊಟ್ಟು ರಸೀದಿ ಕೇಳಲು ಸಂಕೋಚಪಟ್ಟವನು ಹಣ ಕೊಟ್ಟೆನೆಂಬುದನ್ನೇ ಮೊದಲು ಸಾಧಿಸಿ ತೋರಿಸಬೇಕಾಗುತ್ತದೆ.