ಕಡತ ಉಳಿದರೆ ಸಾಲದು, ಓದಲೂ ಬರಬೇಕು

ತ್ಯಾಗರಾಜನಗರದಂಥ ಹಳೆಯ ಬಡಾವಣೆಯ ಮನೆಗಳಲ್ಲಿ ಕಂಪ್ಯೂಟರು ಈಗ ಮೂರು ತಲೆಮಾರಿನ ಕಪಾಟು. ಮೊಮ್ಮಕ್ಕಳ ಫೋಟೊ, ಅಪ್ಪನ ತೆರಿಗೆಯ ಕಾಗದಗಳ ಜೊತೆಗೆ ಅಜ್ಜ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಲೇಖನಗಳೂ ಅದರಲ್ಲಿರುತ್ತವೆ. ಇದನ್ನೆಲ್ಲ ಕಾಪಾಡಲು ಒಂದು ಹಾರ್ಡ್‌ಡಿಸ್ಕ್ ಕೊಂಡು ಪ್ರತಿ ತೆಗೆದಿಟ್ಟರೆ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಕೆಲಸ ಮಾತ್ರ. ಪ್ರತಿ ಇದ್ದೂ ಓದಲು ಬಾರದಿದ್ದರೆ ಅದು ಕಳೆದುಹೋದದ್ದಕ್ಕೆ ಸಮವೇ. ಈ ಉಳಿದರ್ಧವನ್ನು ಕಡಿಮೆ ಖರ್ಚಿನಲ್ಲಿ ಕಲಿಸಿಕೊಡುವ ವಿದ್ಯೆ ವೆಬ್ ವಿನ್ಯಾಸ. ಆದ್ದರಿಂದ ಬ್ಯಾಕಪ್ಪನ್ನೂ ವೆಬ್ ಪುಟ ಕಟ್ಟುವುದನ್ನೂ ಒಟ್ಟಿಗೆ ಕಲಿಯುವುದು ಮೇಲು.

ಇದಕ್ಕೆ ಕನ್ನಡದ ಅನುಭವವೇ ಸಾಕ್ಷಿ. ಪವನಜ ಅವರ ವಿಶ್ವಕನ್ನಡ ಜಾಲತಾಣ 1996ರಲ್ಲಿ ಬಂತು, ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹಬ್ಬಿತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇರಲಿಲ್ಲ, ಕನ್ನಡದ ವೇಷ ಮಾತ್ರ ಇತ್ತು. ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಆ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಮಾನವಾದ ಸಂಕೇತ ವ್ಯವಸ್ಥೆ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತ್ತು. ಆದರೆ ಮನೆಬಳಕೆಯ ಯಂತ್ರಗಳಿಗೆ ಅದು ಸಲೀಸಾಗಿ ಬರಲು ವಿಂಡೋಸ್ ಎಕ್ಸ್‌ಪಿಯ ಕಾಲದವರೆಗೆ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಬರೆದದ್ದನ್ನು ಎಷ್ಟು ಡಿಸ್ಕಿಗೆ ನಕಲು ಮಾಡಿದರೂ ಯೂನಿಕೋಡಿಗೆ ಪರಿವರ್ತಿಸದೆ ಅದರ ಭವಿಷ್ಯ ಗಟ್ಟಿಯಲ್ಲ. ಪರಿವರ್ತಕಗಳು ಸಿಗುತ್ತವೆ, ಆದರೆ ಒತ್ತಕ್ಷರ ಅರ್ಕಾವತ್ತುಗಳಲ್ಲಿ ತಪ್ಪು ನುಸುಳಬಹುದು. ಬರೆದವರು ಕಣ್ಣೆದುರಿಗಿರುವಾಗಲೇ ಕರಡು ತಿದ್ದಿಸುವುದು ಜಾಣತನ.

ವೆಬ್ ವಿನ್ಯಾಸ ಇಲ್ಲಿ ನೆರವಿಗೆ ಬರುವ ಬಗೆ ಹೀಗೆ. ನೋಟ್‌ಪ್ಯಾಡಿನಲ್ಲಿ ಎಚ್‌ಟಿಎಂಎಲ್ ಪುಟ ಬರೆಯುವವರು ಮೊದಲ ದಿನವೇ ಅದರಲ್ಲಿ ಯೂನಿಕೋಡಿನ ಯುಟಿಎಫ್-8 ಸಂಕೇತ ಬಳಸಿದೆ ಎಂದು ಘೋಷಿಸಬೇಕು, ಇಲ್ಲವಾದರೆ ಕನ್ನಡ ಕೆಡಬಹುದು. ಚಿತ್ರ ಎಲ್ಲಿದೆಯೆಂದು ಪುಟಕ್ಕೆ ದಾರಿ ಬರೆದು ತೋರಿಸಬೇಕು. ‘ಸಿ ಡ್ರೈವ್‌ನ ಇಂಥ ಫೋಲ್ಡರ್’ ಎಂದು ಬರೆದರೆ ಸ್ವಂತ ಯಂತ್ರದಲ್ಲಿ ಚಿತ್ರ ಕಾಣುತ್ತದೆ, ಪೆನ್‌ಡ್ರೈವಿನಲ್ಲಿ ಒಯ್ದು ಪಕ್ಕದ ಮನೆಯಲ್ಲಿ ತೆರೆದರೆ ಕಾಣದು. ಪಠ್ಯ, ಚಿತ್ರ, ವಿನ್ಯಾಸ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಒಪ್ಪವಾಗಿಟ್ಟು, ಆ ಫೋಲ್ಡರ್ ಎಲ್ಲಿಗೆ ಹೋದರೂ ಪುಟ ಕೆಡದಂತೆ ಮಾಡುವುದೇ ಈ ವಿದ್ಯೆಯ ಮೊದಲ ಪಾಠ. ಒಳ್ಳೆಯ ಬ್ಯಾಕಪ್ಪಿನ ಗುಣವೂ ಅದೇ. ಇದಕ್ಕೆ ತಂತ್ರಾಂಶ ಕೊಳ್ಳಬೇಕಿಲ್ಲ, ಇಂಜಿನಿಯರಿಂಗ್ ಓದಿರಬೇಕಿಲ್ಲ.

ಎಲ್ಲವೂ ಕ್ಲೌಡಿನಲ್ಲಿರುವಾಗ ಈ ಶ್ರಮ ಯಾಕೆ ಎಂದು ಕೇಳುವವರಿದ್ದಾರೆ. ಫೋನು ಮತ್ತು ಕ್ಲೌಡನ್ನು ಹೊಂದಿಸಿಡುವ ಸಿಂಕ್ ವ್ಯವಸ್ಥೆಯಲ್ಲಿ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ, ಹಾಗಾಗಿ ಅದೊಂದೇ ಬ್ಯಾಕಪ್ ಆಗದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಯಜಮಾನರು ತೀರಿಕೊಂಡ ಮನೆಯಲ್ಲಿ ಎರಡು ವರ್ಷ ಬೇಗ ಕಳೆಯುತ್ತದೆ. ಪುಟ ಕಟ್ಟಿಕೊಡುವ ಸಿದ್ಧ ಸೇವೆಗಳಿರುವಾಗ ಎಚ್‌ಟಿಎಂಎಲ್ ಯಾಕೆ ಎನ್ನುವವರು ಅಂಥದೇ ಸೇವೆಯಾಗಿದ್ದ ಯಾಹೂ ಕಂಪನಿಯ ಜಿಯೋಸಿಟೀಸನ್ನು ನೆನೆಯಬೇಕು. 2009ರಲ್ಲಿ ಅದು ಮುಚ್ಚಿದಾಗ, ತಮ್ಮ ಪುಟದ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡವರು ಅದನ್ನು ಬೇರೆಡೆ ಮತ್ತೆ ಹಾಕಿಕೊಳ್ಳಬಹುದಿತ್ತು. ಸಂಸಾರದ ವಿಷಯ ಜಗಜ್ಜಾಹೀರಾಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಆದರೆ ಪುಟ ಕಟ್ಟುವುದು ಬೇರೆ, ಪ್ರಕಟಿಸುವುದು ಬೇರೆ. ಅಜ್ಜನ ಲೇಖನಗಳ ತಾಣ ಮನೆಯ ಡಿಸ್ಕಿನಲ್ಲೇ ಇರಬಹುದು, ಇಂಟರ್‌ನೆಟ್ಟಿಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ.

ಪ್ರತಿಗಳ ಲೆಕ್ಕಕ್ಕೆ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಸೂತ್ರ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ಬೇರೆಡೆಯ ಪ್ರತಿಯ ಬೆಲೆ ನಮ್ಮ ನಾಡಿಗೆ ಗೊತ್ತಿಲ್ಲದ್ದಲ್ಲ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಮೈಸೂರಿನಿಂದ ಅಚ್ಚಾಗಿ ಬಂದದ್ದು, ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಪ್ರತಿಯಿಂದ. ಅಲ್ಲೂ ಗರಿ ಉಳಿದದ್ದೊಂದೇ ಸಾಲಲಿಲ್ಲ, ಅದರ ಗ್ರಂಥಲಿಪಿಯನ್ನು ಓದಬಲ್ಲ ಆರ್. ಶಾಮಶಾಸ್ತ್ರಿಗಳು ಬೇಕಾದರು.

ಆದ್ದರಿಂದ ಡಿಸ್ಕಿಗೆ ನಕಲು ಮಾಡಿದ ಮೇಲೆ ಅದರ ತಂತಿ ಕಳಚಿಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಿಡಿಲಿಗೂ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರಿಗೂ ಕಳಚಿಟ್ಟ ಡಿಸ್ಕು ಸಿಗದು. ಆಗಾಗ ಒಂದೆರಡು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ಓದಿ. ಮನೆಯ ಇನ್ನೊಬ್ಬರು, ನಿಮ್ಮ ಸಹಾಯವಿಲ್ಲದೆ, ಅದನ್ನು ತೆರೆದು ಓದಲು ಸಾಧ್ಯವಾದರೆ ಮಾತ್ರ ಬ್ಯಾಕಪ್ ಆಗಿದೆ ಎನ್ನಬಹುದು.