ನಿಂತ ಕಾಡು, ನೆಟ್ಟ ತೋಪು

ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಬಿಸಿಲಿನ ಬಲದಿಂದ ಎಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸಕ್ಕರೆಯಾಗಿಸುತ್ತದೆ. ಅದೇ ಮುಂದೆ ಕಾಂಡ, ಕೊಂಬೆ, ಬೇರುಗಳಾಗಿ ಗಟ್ಟಿಯಾಗುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಈ ಅನಿಲ ಈಗ 420ನ್ನು ದಾಟಿದೆ. ಮನುಷ್ಯರು ವರ್ಷವರ್ಷವೂ ಹೊರಬಿಡುವುದರಲ್ಲಿ ಕಾಲುಭಾಗಕ್ಕೂ ಹೆಚ್ಚನ್ನು ನೆಲದ ಮೇಲಿನ ಸಸ್ಯರಾಶಿ ಮತ್ತು ಮಣ್ಣು ಹೀರಿಕೊಳ್ಳುತ್ತಿವೆ. ಇಲ್ಲದಿದ್ದರೆ ಭೂಮಿ ಇಷ್ಟರಲ್ಲೇ ಇನ್ನಷ್ಟು ಕಾದಿರುತ್ತಿತ್ತು.

ಈ ಕೆಲಸದಲ್ಲಿ ನಿಂತ ಕಾಡಿಗೂ ಹೊಸದಾಗಿ ನೆಟ್ಟ ತೋಪಿಗೂ ಅಜಗಜಾಂತರವಿದೆ. ನೂರಾರು ಮಳೆಗಾಲ ಕಂಡ ಮರವನ್ನು ಕಡಿದು ಸುಟ್ಟರೆ ಅದರೊಳಗಿನ ಇಂಗಾಲ ಕೂಡಲೇ ಗಾಳಿ ಸೇರುತ್ತದೆ. ಅಷ್ಟನ್ನು ಸಸಿಯೊಂದು ಮರಳಿ ಹಿಡಿಯಲು ಹಲವು ದಶಕಗಳೇ ಬೇಕು. ಹೋಗುವುದು ಮರವೊಂದೇ ಅಲ್ಲ. ನೆರಳು ತಪ್ಪಿದ ಮಣ್ಣು ಬಿಸಿಲಿಗೆ ತೆರೆದುಕೊಂಡು, ಉದುರಿದ ಎಲೆಯ ದರಕು ಕೊಳೆತು ತಲೆಮಾರುಗಳಿಂದ ಅದರಲ್ಲಿ ಕೂಡಿದ್ದ ಇಂಗಾಲವೂ ಕರಗತೊಡಗುತ್ತದೆ. ಗಿಡ ನೆಡುವುದು ಒಳ್ಳೆಯ ಕೆಲಸವೇ. ಆದರೆ ಇರುವ ಕಾಡನ್ನು ಕಳೆದುಕೊಳ್ಳುತ್ತ ಎಷ್ಟು ನೆಟ್ಟರೂ ಲೆಕ್ಕ ಸರಿದೂಗುವುದಿಲ್ಲ.

ಹವಾಮಾನ ಬದಲಾವಣೆಯ ಮಾತು ಹಳ್ಳಿಗಳಿಗೆ ಮುಟ್ಟುವ ಮೊದಲೇ ಉತ್ತರ ಕನ್ನಡದ ಜನ ಈ ವ್ಯತ್ಯಾಸವನ್ನು ಹಳ್ಳದ ನೀರಿನಲ್ಲಿ ಕಂಡಿದ್ದರು. ನೈಸರ್ಗಿಕ ಕಾಡು ಬೋಳಿಸಿ ಸಾಗುವಾನಿ ನೆಟ್ಟ ಕಡೆ ನೀರು ಬೇಗ ಬತ್ತುತ್ತಿತ್ತು. ಅಡಿಕೆ ತೋಟಕ್ಕೆ ಬೇಕಾದ ಸೊಪ್ಪು, ದರಕು ಸಿಗುತ್ತಿರಲಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಗಂಡಸರು, ಹೆಂಗಸರು ಸಮೀಪದ ಕಾಡಿಗೆ ನಡೆದುಹೋಗಿ, ಕಡಿತಕ್ಕೆ ಗುರುತಾದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಚಿಪ್ಕೊ ಚಳವಳಿಯಿಂದ ಸ್ಫೂರ್ತಿ ಪಡೆದ ಈ ಅಪ್ಪಿಕೊ ಚಳವಳಿಗೆ ಪಾಂಡುರಂಗ ಹೆಗಡೆಯವರು ಮುಂದಾಳಾದರು. ‘ಉಳಿಸು, ಬೆಳೆಸು, ಬಳಸು’ ಎಂಬುದು ಅದರ ಘೋಷಣೆ. ಉಳಿಸುವುದು ಮೊದಲು, ಬೆಳೆಸುವುದು ಅನಂತರ ಎಂಬ ಈ ಕ್ರಮ ಇಂದಿನ ಹವಾಮಾನ ವಿಜ್ಞಾನಕ್ಕೂ ಒಪ್ಪುವಂಥದ್ದು.

ಮತ್ತೆ ಬೆಳೆಸಲಾಗದ ಕಾಡು ಎಂದರೇನೆಂದು ತಿಳಿಯಬೇಕಾದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ನೋಡಬೇಕು. ಅಲ್ಲಿನ ಹಳ್ಳಗಳ ತಲೆಯಲ್ಲಿ, ವರ್ಷವಿಡೀ ನೀರು ಒಸರುವ ಕೆಸರಿನಲ್ಲಿ, ರಾಮಪತ್ರೆ ಮರಗಳ ಜಡ್ಡಿಗಳು, ಅಂದರೆ ಜೌಗುಕಾಡುಗಳು, ಇವೆ. ಜಾಯಿಕಾಯಿಯ ಬಳಗದ ಈ ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಗಾಳಿ ಪಡೆಯುತ್ತವೆ. ಬೀಜಗಳು ದೊಡ್ಡವು, ಒಣಗಿದರೆ ಮೊಳೆಯವು. ಅವುಗಳನ್ನು ಹರಡಲು ಮಂಗಟ್ಟೆ ಹಕ್ಕಿಯಂಥ ದೊಡ್ಡ ಹಕ್ಕಿಗಳೇ ಬೇಕು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅಪರೂಪದ ಮರಕ್ಕೆ ಈ ಕಾಡಿನ ಹೆಸರನ್ನೇ ಇಡಲಾಗಿದೆ. ಸಿಂಗಳೀಕಗಳಿಗೂ ಇದು ನೆಲೆ. ಹಿಂದೆ ಇಂಥ ಎಷ್ಟೋ ಜಡ್ಡಿಗಳು ನೀರು ಬಸಿದು ಗದ್ದೆ, ತೋಟಗಳಾದವು. ಉಳಿದಿರುವ ತುಂಡುಗಳು ಇಂಗಾಲವನ್ನೂ ನೀರನ್ನೂ ಒಟ್ಟಿಗೆ ಹಿಡಿದಿಟ್ಟು, ಕೆಳಗಿನ ಹಳ್ಳಗಳನ್ನು ಬೇಸಿಗೆಯಲ್ಲೂ ಹರಿಸುತ್ತಿವೆ.

ಸರ್ಕಾರಿ ಅಂಕಿಅಂಶಗಳಲ್ಲಿ ಕಾಡಿಗೂ ತೋಪಿಗೂ ಇರುವ ಈ ಅಂತರ ಸುಲಭವಾಗಿ ಕಾಣುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಕಾರ 1 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಮರಗಳ ನೆತ್ತಿಹಂದರ ಶೇ 10ಕ್ಕಿಂತ ಹೆಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದ್ದಾದರೂ ಸರಿ, ಮರ ಯಾವುದಾದರೂ ಸರಿ. ಹೀಗಾಗಿ ಕಾಡು ಕಡಿದ ಜಾಗದಲ್ಲಿ ಅಕೇಶಿಯಾ ಎದ್ದು ನಿಂತರೆ ಹೊದಿಕೆಯ ಸಂಖ್ಯೆ ಕುಗ್ಗುವುದೇ ಇಲ್ಲ. ಯೋಜನೆಗೆ ಕಾಡು ಕೊಟ್ಟು ಬೇರೆಡೆ ‘ಪರಿಹಾರ ಅರಣ್ಯೀಕರಣ’ ಮಾಡುವ ಪದ್ಧತಿ ನಿಂತಿರುವುದೂ ಒಂದು ಕಾಡಿಗೆ ಇನ್ನೊಂದು ತೋಪು ಸಮ ಎಂಬ ಎಣಿಕೆಯ ಮೇಲೆ. ಆ ಎಣಿಕೆಯೇ ತಪ್ಪು.

ಶರಾವತಿ ಕಣಿವೆಯಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಮೇಲೆತ್ತಿ ಇಳಿಸುವ 2000 ಮೆಗಾವಾಟ್‌ನ ಯೋಜನೆಯ ಪ್ರಸ್ತಾವ ಸಿಂಗಳೀಕ ಅಭಯಾರಣ್ಯದೊಳಗಿನದು. ಸೌರ, ಪವನ ವಿದ್ಯುತ್ ಹೆಚ್ಚಿದಾಗ ಅದನ್ನು ಕೂಡಿಡಲು, ಅಂದರೆ ಕಲ್ಲಿದ್ದಲು ಉರಿಸುವುದನ್ನು ತಗ್ಗಿಸಲು, ಇದು ಬೇಕೆಂಬುದು ಪರವಾದ ವಾದ. ಆದರೆ ಇಂಥ ಯೋಜನೆಯ ಲಾಭ ಎಣಿಸುವಾಗ ಕಡಿಯುವ ಮರಗಳ ಸಂಖ್ಯೆಯಷ್ಟೇ ಸಾಲದು. ಅವುಗಳಡಿಯ ಮಣ್ಣಿನ ಇಂಗಾಲ, ಸುರಂಗ ಮತ್ತು ರಸ್ತೆಗಳಿಂದ ದಿಕ್ಕು ತಪ್ಪುವ ಒರತೆ, ತುಂಡಾಗುವ ಸಿಂಗಳೀಕದ ನೆತ್ತಿದಾರಿ ಇವೂ ಅದೇ ಪುಟದಲ್ಲಿ ಖರ್ಚಾಗಿ ದಾಖಲಾಗಬೇಕು.