ಚಿತ್ರದ ಕೋಟೆ, ಕಟ್ಟಿದ ಕೋಟೆ: ಡಿಸ್ನಿಲ್ಯಾಂಡ್ ಕಲಿಸುವ ಲೆಕ್ಕ

ಹೊಸ ಘಟಕಕ್ಕೆ ಸಾಲ ಕೋರಿ ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ವರ್ಣಚಿತ್ರವೊಂದನ್ನು ಸೇರಿಸುವುದು ಈಗ ವಾಡಿಕೆಯಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಅಂತಹ ಚಿತ್ರವನ್ನು ಚಾಚೂ ತಪ್ಪದೆ ಕಟ್ಟಿಸಿದರು. ಗ್ರಾನೈಟ್ ಮುಂಭಾಗ, ಗಾಜಿನ ಕಚೇರಿ, ಹುಲ್ಲುಹಾಸು ಎಲ್ಲವೂ ಚಿತ್ರದಲ್ಲಿದ್ದಂತೆಯೇ ಮೂಡಿದವು. ಆದರೆ ಯಂತ್ರಗಳು ಬಂದಿಳಿದಾಗ ಕಚ್ಚಾ ಸಾಮಗ್ರಿ ಕೊಳ್ಳಲು ಹಣವಿರಲಿಲ್ಲ. ದುಡಿಯುವ ಬಂಡವಾಳವು ಗೋಡೆಯಲ್ಲಿ ಹೂತುಹೋಗಿತ್ತು. ಚಿತ್ರದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಡಿಸ್ನಿ ಉದ್ಯಾನಗಳ ಇತಿಹಾಸದಲ್ಲಿ ಒಳ್ಳೆಯ ನಿದರ್ಶನಗಳಿವೆ.

ಬಂಡವಾಳ ತಂದ ಚಿತ್ರ

1953ರ ಸೆಪ್ಟೆಂಬರ್ ಕೊನೆಯ ಒಂದು ವಾರಾಂತ್ಯದಲ್ಲಿ ವಾಲ್ಟ್ ಡಿಸ್ನಿ ಅವರು ಕಲಾವಿದ ಹರ್ಬ್ ರೈಮನ್ ಅವರಿಂದ, ಇನ್ನೂ ಒಂದು ಕಲ್ಲನ್ನೂ ಇಡದ ಉದ್ಯಾನದ ವಿಹಂಗಮ ನೋಟವನ್ನು ಬರೆಸಿದರು. ಅಣ್ಣ ರಾಯ್ ಡಿಸ್ನಿ ಅದನ್ನು ಹಿಡಿದು ಹಣ ಹೊಂದಿಸಲು ನ್ಯೂಯಾರ್ಕಿಗೆ ತೆರಳಿದರು. ಕೊನೆಗೆ ಎಬಿಸಿ ದೂರದರ್ಶನ ಸಂಸ್ಥೆಯು 5 ಲಕ್ಷ ಡಾಲರ್ ಹೂಡಿ, 45 ಲಕ್ಷ ಡಾಲರ್ ಸಾಲಕ್ಕೆ ಖಾತರಿ ನೀಡಿತು. ಪ್ರತಿಯಾಗಿ ಉದ್ಯಾನದಲ್ಲಿ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಪಾಲನ್ನೂ ಡಿಸ್ನಿಯವರ ವಾರದ ಕಾರ್ಯಕ್ರಮವನ್ನೂ ಪಡೆಯಿತು.

ಉಳಿದದ್ದು, ಬಿಟ್ಟದ್ದು

ಸುಮಾರು 1.7 ಕೋಟಿ ಡಾಲರ್ ವೆಚ್ಚದಲ್ಲಿ 1955ರ ಜುಲೈ 17ರಂದು ಅನಾಹೈಮ್‌ನಲ್ಲಿ ತೆರೆದ ಉದ್ಯಾನವನ್ನು ಆ ಚಿತ್ರದೊಡನೆ ಹೋಲಿಸಬೇಕು. ಒಂದೇ ಪ್ರವೇಶದ್ವಾರ, ಸುತ್ತ ಓಡುವ ರೈಲು, ಮುಖ್ಯ ಬೀದಿ, ಅದರ ತುದಿಯ ವೃತ್ತದಿಂದ ಕವಲೊಡೆಯುವ ಬೇರೆ ಬೇರೆ ಲೋಕಗಳು, ಕಣ್ಸೆಳೆಯುವ ಕೋಟೆ ಇವೆಲ್ಲವೂ ಉಳಿದವು. ಲಿಲಿಪುಟ್ ಲೋಕ ಬರಲೇ ಇಲ್ಲ. ಕಾಡಿನ ನದಿವಿಹಾರಕ್ಕೆ ಜೀವಂತ ಪ್ರಾಣಿಗಳನ್ನು ತರಬೇಕೆಂಬ ಆಸೆಯಿತ್ತು. ಆದರೆ ಅವು ಹಗಲಿನಲ್ಲಿ ಮಲಗುತ್ತವೆ, ಇಲ್ಲವೇ ಅಡಗುತ್ತವೆ. ಟಿಕೆಟ್ ಕೊಂಡವನಿಗೆ ಕಾಣುವುದಿಲ್ಲ. ಆದ್ದರಿಂದ ಯಾಂತ್ರಿಕ ಪ್ರಾಣಿಗಳು ಬಂದವು. ಫ್ಯಾಂಟಸಿಲ್ಯಾಂಡ್‌ನ ಕಟ್ಟಡಗಳಿಗೆ ಹಣ ಸಾಲದೆ, ಮಧ್ಯಯುಗದ ಉತ್ಸವದ ಡೇರೆಗಳನ್ನು ಹೋಲುವ ಸರಳ ಮುಂಭಾಗಗಳನ್ನು ಹೊಂದಿಸಲಾಯಿತು. ಅವು ಯೂರೋಪಿನ ಹಳ್ಳಿಯ ರೂಪ ತಳೆದದ್ದು 1983ರಲ್ಲಿ.

ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಉದ್ಘಾಟನೆಯ ವೇಳೆಗೆ ಶೌಚಾಲಯ ಮತ್ತು ಕುಡಿಯುವ ನೀರಿನ ಚಿಲುಮೆ ಎರಡನ್ನೂ ಸಂಪೂರ್ಣವಾಗಿ ಸಿದ್ಧಪಡಿಸಲಾಗಲಿಲ್ಲ. ವಾಲ್ಟ್ ಶೌಚಾಲಯಗಳನ್ನೇ ಆರಿಸಿಕೊಂಡರು. ಅಪೂರ್ಣವಾಗಿದ್ದ ಟುಮಾರೋಲ್ಯಾಂಡ್ ಅನ್ನು ಬಲೂನು, ತೋರಣಗಳು ಮರೆಮಾಡಿದವು. ಆದರೂ ಉದ್ಯಾನ ಗಳಿಸಿತು; 1960ರಲ್ಲಿ ಎಬಿಸಿಯ ಪಾಲನ್ನು ಡಿಸ್ನಿ ಸಂಸ್ಥೆ 75 ಲಕ್ಷ ಡಾಲರ್ ತೆತ್ತು ಮರಳಿ ಕೊಂಡಿತು.

ಚಿತ್ರವೇ ಬದಲಾದಾಗ

ಎಲ್ಲ ಚಿತ್ರಗಳ ತಿರುಳೂ ಹೀಗೆ ಉಳಿಯುವುದಿಲ್ಲ. 1966ರಲ್ಲಿ ವಾಲ್ಟ್ ವಿವರಿಸಿದ ಎಪ್ಕಾಟ್, 20,000 ಜನ ವಾಸಿಸುವ ನಗರವಾಗಬೇಕಿತ್ತು. ಅವರು ಅದೇ ಡಿಸೆಂಬರ್‌ನಲ್ಲಿ ನಿಧನರಾದರು. 1982ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ಆ ಹೆಸರಿನಲ್ಲಿ ತೆರೆದದ್ದು ಪ್ರವಾಸಿಗರ ಉದ್ಯಾನ. 1992ರಲ್ಲಿ ಆರಂಭವಾದ ಪ್ಯಾರಿಸ್ ಉದ್ಯಾನಕ್ಕೆ ಡಿಸ್ಕವರಿ ಮೌಂಟನ್ ಎಂಬ ಬೃಹತ್ ಸಂಕೀರ್ಣವನ್ನು ಚಿತ್ರಿಸಲಾಗಿತ್ತು. ಸಂಸ್ಥೆ ಸಾಲದ ಭಾರದಿಂದ ಬಳಲುತ್ತಿದ್ದ ಆ ವರ್ಷಗಳಲ್ಲಿ ಯೋಜನೆ ಕಿರಿದಾಗಿ, 1995ರಲ್ಲಿ ಸ್ಪೇಸ್ ಮೌಂಟನ್ ಆಗಿ ತೆರೆಯಿತು. ಕುಗ್ಗಿದ ಆ ಯೋಜನೆಯೂ ಜನಪ್ರಿಯವಾಯಿತು.

ನಮಗೆ ಪಾಠ

ಉದ್ಯಮಿ ಮಿತ್ರರು ತಮ್ಮ ಚಿತ್ರವನ್ನು ಮೊದಲೇ ಮೂರು ಅಂಕಣಗಳಲ್ಲಿ ಬಿಡಿಸಿಟ್ಟುಕೊಳ್ಳುವುದು ಒಳಿತು: ಇಲ್ಲದಿದ್ದರೆ ಉತ್ಪಾದನೆಯೇ ನಿಲ್ಲುವಂತಹುದು, ಲಾಭ ಬಂದ ಮೇಲೆ ಮಾಡಬಹುದಾದದ್ದು, ಕೇವಲ ನೋಟಕ್ಕಾಗಿ ಇರುವಂತಹುದು. ವೆಚ್ಚ ಏರಿದಾಗ ಮೂರನೆಯ ಅಂಕಣದಿಂದ ಕಡಿತ ಆರಂಭವಾಗಬೇಕು. ದುಡಿಯುವ ಬಂಡವಾಳಕ್ಕೆಂದು ತೆಗೆದಿಟ್ಟ ಹಣವನ್ನು ಯಾವ ಕಾರಣಕ್ಕೂ ಕಟ್ಟಡಕ್ಕೆ ತಿರುಗಿಸಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಡೇರೆಯಂತಹ ಮುಂಭಾಗದೊಡನೆ ಬಾಗಿಲು ತೆರೆದವರು 28 ವರ್ಷಗಳ ನಂತರ ತಮಗೆ ಬೇಕಾದ ಹಳ್ಳಿಯನ್ನು ಕಟ್ಟಿಕೊಂಡರು. ನನ್ನ ಕಕ್ಷಿದಾರರ ಗ್ರಾನೈಟ್ ಗೋಡೆ ಇಂದಿಗೂ ಹೊಳೆಯುತ್ತಿದೆ; ಅದರ ಹಿಂದಿನ ಯಂತ್ರಗಳನ್ನು ಮಾತ್ರ ಬೇರೆಯವರು ಕೊಂಡೊಯ್ದಿದ್ದಾರೆ.